ಒಂದೂವರೆ ಮೀಟರ್ ಎತ್ತರದಲ್ಲಿ ಜಾರಿದ್ದು

ಹೋದ ಜೂನ್ ತಿಂಗಳ ಒಂದು ಬೆಳಗ್ಗೆ. ಸಿಡ್ನಿಯ ಉತ್ತರಕ್ಕೆ, ಹಾರ್ನ್ಸ್‌ಬಿ ಕಡೆಯ ಒಂದು ಮನೆಯ ಹಿತ್ತಲು. ನಮ್ಮ ಸೋಮವಾರಪೇಟೆಯ ಹುಡುಗ ಬ್ಲ್ಯಾಕ್‌ಬಟ್ ಮರದಿಂದ ಇಳಿಬಿಟ್ಟ ಹಗ್ಗದಲ್ಲಿ ಜೋತುಬಿದ್ದು ಕೂತಿದ್ದ. ನೆಲದಿಂದ ಒಂದೂವರೆ ಮೀಟರ್, ಅಷ್ಟೇ. ಸೊಂಟದ ಹಾರ್ನೆಸ್‌ಗೆ ಹೊಸ ಡಿವೈಸ್ ಸಿಕ್ಕಿಸಿತ್ತು. ‘ಕೈ ಬಿಡು’ ಅಂದೆವು, ಬಿಟ್ಟ. ಡಿವೈಸ್ ಹಗ್ಗವನ್ನು ಕಚ್ಚಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಸದ್ದಿಲ್ಲದೆ ಜಾರಿತು, ಅವನು ಹುಲ್ಲಿನ ಮೇಲೆ ಹೋಗಿ ಕೂತ. ನಾವು ನಕ್ಕೆವು, ಅವನೂ ನಕ್ಕ.

ಆಮೇಲೆ ಯಾರಿಗೂ ನಗು ಬರಲಿಲ್ಲ. ಯಾಕಂದ್ರೆ ಅದೇ ಡಿವೈಸ್ ಹಾಕಿಕೊಂಡು ಅದೇ ದಿನ ಅವನು ಇಪ್ಪತ್ತು ಮೀಟರ್ ಮೇಲೆ ಹೋಗಬೇಕು ಎಂದು ಕೆಲಸ ಕೊಟ್ಟವರು ಹೇಳಿಯಾಗಿತ್ತು. ‘ಹೊಸದು, ದುಡ್ಡು ಕೊಟ್ಟು ತಂದದ್ದು, ಅಂಗಡಿಯವರು ಚೆನ್ನಾಗಿದೆ ಅಂದಿದ್ದಾರೆ, ಹತ್ತು’ — ಅವರ ಮಾತು ಇಷ್ಟೇ. ಒಂದೂವರೆ ಮೀಟರ್‌ನಲ್ಲಿ ಮೊದಲು ಕೂತು ನೋಡೋಣ ಅಂತ ಹಟ ಹಿಡಿದದ್ದು ನಮ್ಮಲ್ಲಿ ಹಿರಿಯರಾದ ಶಿರಸಿಯವರು. ಹತ್ತು ನಿಮಿಷ ಹಾಳಾಯಿತು ಎಂದು ಅವತ್ತು ಬೈಗುಳ ತಿಂದವರೂ ಅವರೇ.

ನಾವು ಅಂದರೆ ನಾಲ್ಕು ಜನ. ಇಬ್ಬರು ಸಿಡ್ನಿ, ಇಬ್ಬರು ಮೆಲ್ಬರ್ನ್. ನಾಲ್ವರಿಗೂ ಮರವೇ ಅನ್ನ. ಒಬ್ಬರು ಶಿರಸಿಯ ಅಡಿಕೆ ತೋಟದಿಂದ ಬಂದವರು, ಒಬ್ಬ ಸೋಮವಾರಪೇಟೆಯ ಕಾಫಿ ತೋಟದ ಲೈನ್‌ಮನೆಯಲ್ಲಿ ಬೆಳೆದವನು, ಒಬ್ಬರು ಪುತ್ತೂರಿನವರು. ನಾಲ್ಕನೆಯವ ಓದಲು ಬಂದು, ವಾರಾಂತ್ಯದಲ್ಲಿ ಕೊಂಬೆ ಎಳೆದು ಚಿಪ್ಪರ್‌ಗೆ ತುಂಬುವ ಗ್ರೌಂಡಿ ಕೆಲಸಕ್ಕೆ ಸೇರಿ, ಆಮೇಲೆ ಅರ್ಬರಿಕಲ್ಚರ್‌ನಲ್ಲಿ ಸರ್ಟಿಫಿಕೇಟ್ ತ್ರೀ ಮುಗಿಸಿದವನು. ಈ ಲೇಖನ ಆ ಡಿವೈಸ್‌ನ ಬಗ್ಗೆ, ಅದನ್ನು ಐದು ತಿಂಗಳು ಎರಡು ಊರಿನಲ್ಲಿ ಪರೀಕ್ಷೆ ಮಾಡಿದ್ದರ ಬಗ್ಗೆ. ಹೆಸರು, ಕಂಪನಿ ಹೇಳುವುದಿಲ್ಲ. ತಪ್ಪು ಪೂರ್ತಿ ಡಿವೈಸ್‌ನದಲ್ಲ ಅಂತ ಆಮೇಲೆ ಗೊತ್ತಾಯಿತು.

ಮರ ಹತ್ತುವ ಕೆಲಸ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಇಲ್ಲಿ ನಾವು ಊರಿನ ಹಾಗೆ ಬೊಡ್ಡೆ ಅಪ್ಪಿಕೊಂಡು ಹತ್ತುವುದಿಲ್ಲ. ಸಣ್ಣ ಮರಳಿನ ಚೀಲ ಕಟ್ಟಿದ ತೆಳು ದಾರವನ್ನು ಎತ್ತರದ ಗಟ್ಟಿ ಕವಲಿಗೆ ಎಸೆದು, ಅದರ ಬೆನ್ನಿಗೆ ದಪ್ಪ ಹಗ್ಗ ಎಳೆದು ಹಾಕುತ್ತೇವೆ. ಇಬ್ಬರು ಒಟ್ಟಿಗೆ ಜೋತು ಬಿದ್ದು ಕವಲು ತಡೆಯುತ್ತದಾ ನೋಡುತ್ತೇವೆ. ಆಮೇಲೆ ಹಗ್ಗದ ಮೇಲೆ ಹತ್ತುವುದು. ಅದರಲ್ಲಿ ಎರಡು ಪದ್ಧತಿ ಇದೆ. ಒಂದರಲ್ಲಿ ಹಗ್ಗ ಕವಲಿನ ಮೇಲೆ ಓಡುತ್ತದೆ: ಒಂದು ತುದಿ ನಮ್ಮ ಸೊಂಟಕ್ಕೆ, ಇನ್ನೊಂದು ಎಳೆಯ ಮೇಲೆ ಕಚ್ಚುವ ಗಂಟು. ಒಂದು ಮೀಟರ್ ಮೇಲೇರಲು ಎರಡು ಮೀಟರ್ ಹಗ್ಗ ಎಳೆಯಬೇಕು, ಆದರೆ ಗಂಟಿನ ಮೇಲೆ ಮೈಭಾರದ ಸುಮಾರು ಅರ್ಧ ಮಾತ್ರ ಬೀಳುತ್ತದೆ. ಇನ್ನೊಂದರಲ್ಲಿ ಹಗ್ಗವನ್ನು ಒಂದು ಕಡೆ ಭದ್ರವಾಗಿ ಕಟ್ಟಿರುತ್ತದೆ, ಅದು ಅಲ್ಲಾಡುವುದಿಲ್ಲ. ನಾವೇ ಅದರ ಮೇಲೆ ಏಣಿ ಹತ್ತಿದ ಹಾಗೆ ಹತ್ತುತ್ತೇವೆ. ಸುಸ್ತು ಕಡಿಮೆ, ಆದರೆ ಪೂರ್ತಿ ಭಾರ ಒಂದೇ ಎಳೆಯ ಮೇಲೆ. ಅಲ್ಲಿ ಬರೀ ಗಂಟು ಹಾಕಿದರೆ ಅದು ಎಷ್ಟು ಬಿಗಿಯುತ್ತದೆಂದರೆ ಇಳಿಯುವಾಗ ಬಿಡುವುದೇ ಇಲ್ಲ. ಅದಕ್ಕಾಗಿಯೇ ಈ ಲೋಹದ ಡಿವೈಸ್‌ಗಳು ಹುಟ್ಟಿದ್ದು.

ಕಚ್ಚುವ ಗಂಟಿಗೆ ಪ್ರೂಸಿಕ್ ಅಂತ ಹೆಸರು. 1931ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದ್ದು ಕಾರ್ಲ್ ಪ್ರೂಸಿಕ್ ಎಂಬ ಆಸ್ಟ್ರಿಯಾದ ಪರ್ವತಾರೋಹಿ. ಮೊದಲ ಮಹಾಯುದ್ಧದ ಕಾಲದಲ್ಲಿ ತುಂಡಾದ ವಾದ್ಯದ ತಂತಿಗಳನ್ನು ಜೋಡಿಸಲು ಆತ ಆ ಗಂಟು ಬಳಸುತ್ತಿದ್ದ ಎಂಬ ಕಥೆ ಇದೆ. ಮರ ಕೆಲಸಕ್ಕೆ ಅದೇ ಗಂಟಿನ ಮಕ್ಕಳು ಮೊಮ್ಮಕ್ಕಳು ಬಂದವು. ಒಂಟಿ ಹಗ್ಗದ ಪದ್ಧತಿಗೆ ದಾರಿ ಬಿಡಿಸಿದ್ದು ‘ರೋಪ್ ರೆಂಚ್’. ಅಮೆರಿಕದ ಕೆವಿನ್ ಬಿಂಗ್‌ಹ್ಯಾಮ್ 2010ರ ಆಸುಪಾಸಿನಲ್ಲಿ ಮಾಡಿದ್ದು. ಆತ ಎಂಜಿನಿಯರ್ ಆಫೀಸಿನಲ್ಲಿ ಕೂತವನಲ್ಲ, ನಮ್ಮ ಹಾಗೆ ಮರ ಹತ್ತುವವನೇ. ಗಂಟಿನ ಮೇಲ್ಗಡೆ ಹಗ್ಗವನ್ನು ಸ್ವಲ್ಪ ಬಗ್ಗಿಸಿ ಒಂದಷ್ಟು ಘರ್ಷಣೆಯನ್ನು ಅಲ್ಲೇ ಹಿಡಿದಿಟ್ಟರೆ ಗಂಟಿನ ಹೊರೆ ಇಳಿಯುತ್ತದೆ ಎನ್ನುವುದು ಅದರ ಗುಟ್ಟು.

ದೊಡ್ಡ ಕಂಪನಿ ಮಾಡಿದ್ದು ಅಂದಕೂಡಲೆ ಪರೀಕ್ಷೆ ಬೇಡ ಎನ್ನುವವರಿಗೆ ಇನ್ನೊಂದು ಸಂಗತಿ. ಫ್ರಾನ್ಸ್‌ನ ಪೆಟ್ಜ್ಲ್ ಕಂಪನಿಯ ‘ಜಿಗ್‌ಜ್ಯಾಗ್’ ನಮ್ಮಲ್ಲಿ ಬಹಳ ಜನ ಬಳಸುತ್ತಾರೆ, ಒಳ್ಳೆಯ ಸಾಧನ. ಅದು ಮಾರುಕಟ್ಟೆಗೆ ಬಂದ ಹೊಸದರಲ್ಲಿ, 2013ರಲ್ಲಿ, ಕೊಂಡಿಗಳಲ್ಲಿ ದೋಷ ಕಂಡು ಕಂಪನಿಯೇ ‘ಬಳಸಬೇಡಿ, ವಾಪಸ್ ಕಳಿಸಿ’ ಎಂದು ಎಲ್ಲವನ್ನೂ ಹಿಂದಕ್ಕೆ ಕರೆಯಿತು. ತಿದ್ದಿ, ಮತ್ತೆ ಬಿಟ್ಟರು. ನಾವು ಇದನ್ನು ಅವರ ಮರ್ಯಾದೆ ತೆಗೆಯಲು ಹೇಳುತ್ತಿಲ್ಲ. ವಾಪಸ್ ಕರೆದದ್ದೇ ದೊಡ್ಡತನ. ಆದರೆ ಅಷ್ಟು ದೊಡ್ಡ ಕಂಪನಿಯ ಪ್ರಯೋಗಾಲಯದಲ್ಲಿ ಸಿಗದ ದೋಷವೂ ಮರದ ಮೇಲೆ ಸಿಗಬಹುದು.

ಈಗ ಒಂದೂವರೆ ಮೀಟರ್‌ಗೆ ವಾಪಸ್ ಬರೋಣ.

ಜಾರಿದ್ದು ಯಾಕೆ? ಅವತ್ತು ಮಧ್ಯಾಹ್ನವೇ ಕೂತು ತಲೆ ಕೆಡಿಸಿಕೊಂಡೆವು. ಡಿವೈಸ್‌ನಲ್ಲಿ ಎಷ್ಟು ಕಚ್ಚಬೇಕು ಎಂದು ಹೊಂದಿಸುವ ಸಣ್ಣ ವ್ಯವಸ್ಥೆ ಇದೆ. ಹಿಂದಿನ ದಿನ ಅದನ್ನು ಅಂಗಳದಲ್ಲಿ ಹೊಂದಿಸಿದ್ದು 88 ಕಿಲೋ ತೂಗುವ ಮನುಷ್ಯ, 13 ಮಿಲಿಮೀಟರ್ ದಪ್ಪದ, ಎರಡು ವರ್ಷ ಬಳಸಿ ನಯ ಹೋದ ಹಗ್ಗದ ಮೇಲೆ. ನಮ್ಮ ಹುಡುಗ 62 ಕಿಲೋ. ಅವನ ಹಗ್ಗ 11.7 ಮಿಲಿಮೀಟರ್, ಹೊಸದು, ರೇಷ್ಮೆ ಹಾಗೆ ನುಣುಪು. ಪುಸ್ತಿಕೆಯಲ್ಲಿ 11.5ರಿಂದ 13 ಎಂದು ಬರೆದಿತ್ತು, ಆದ್ದರಿಂದ ಎರಡೂ ‘ಸರಿ’. ಆದರೆ ಒಬ್ಬರ ಭಾರಕ್ಕೆ, ಒಬ್ಬರ ಹಗ್ಗಕ್ಕೆ ಹೊಂದಿಸಿದ್ದು ಇನ್ನೊಬ್ಬರಿಗೆ ಹೊಂದುವುದಿಲ್ಲ. ಪಕ್ಕದ ಮನೆಯವನ ಚಪ್ಪಲಿ ಹಾಕಿಕೊಂಡು ಓಡಿದ ಹಾಗೆ. ನೆಲದ ಮೇಲಾದರೆ ಮುಗ್ಗರಿಸಿ ಏಳಬಹುದು.

ಡಿವೈಸ್ ಒಂದನ್ನೇ ಪರೀಕ್ಷೆ ಮಾಡಿ ಪ್ರಯೋಜನ ಇಲ್ಲ ಎಂದು ನಮಗೆ ಹೊಳೆದದ್ದು ಅಲ್ಲೇ. ಡಿವೈಸು, ಹಗ್ಗ, ಹತ್ತುವವನ ತೂಕ, ಆ ದಿನದ ಮಳೆ ಬಿಸಿಲು, ಆ ಮರದ ಅಂಟು ಎಲ್ಲ ಸೇರಿ ಒಂದು ಸೆಟ್. ಒಂದು ಬದಲಾದರೂ ಮತ್ತೆ ಕೆಳಗಿನಿಂದ ಶುರು.

ಮೆಲ್ಬರ್ನ್‌ನ ಇಬ್ಬರಿಗೆ ಫೋನ್ ಹಚ್ಚಿದೆವು. ಅವರ ಕಂಪನಿಯಲ್ಲೂ ಅದೇ ಡಿವೈಸ್ ಬಂದಿತ್ತು. ವಾಟ್ಸ್ಆ್ಯಪ್‌ನಲ್ಲಿ ಒಂದು ಗುಂಪು ಮಾಡಿ, ಪ್ರತಿ ಸಲ ಹತ್ತಿದಾಗ ಬರೆದಿಡುವುದು ಎಂದಾಯಿತು: ಯಾವ ಮರ, ಯಾವ ಹಗ್ಗ, ಹತ್ತಿದವರ ತೂಕ ಸಾಮಾನು ಸಮೇತ, ಒದ್ದೆಯೋ ಒಣಗಿತ್ತೋ, ಕೈ ಬಿಟ್ಟಾಗ ಎಷ್ಟು ಜಾರಿ ನಿಂತಿತು. ಪುತ್ತೂರಿನವರು ಮೊದಮೊದಲು ‘ಇದೆಂತ ಮಾರಾಯ್ರೆ, ಪರೀಕ್ಷೆಗೆ ಕೂತ ಹಾಗೆ’ ಅಂತ ಗೊಣಗುತ್ತಿದ್ದರು. ಈಗ ಅವರದ್ದೇ ಎಲ್ಲರಿಗಿಂತ ಉದ್ದದ ಪಟ್ಟಿ.

ಹತ್ತುವ ಕ್ರಮವನ್ನೂ ಕಟ್ಟುನಿಟ್ಟು ಮಾಡಿದೆವು. ಮೊದಲು ನೆಲಕ್ಕೆ ಕಾಲು ಎಟಕುವಷ್ಟು ಎತ್ತರದಲ್ಲಿ ಕೂರುವುದು, ಬಿಡುವುದು, ಮತ್ತೆ ಕೂರುವುದು, ಐವತ್ತು ಸಲ. ಬೇಜಾರು ಬರುತ್ತದೆ, ಬರಲಿ. ಆಮೇಲೆ ಐದು ಮೀಟರ್‌ವರೆಗೆ, ಆದರೆ ಪಕ್ಕದಲ್ಲಿ ಎರಡನೇ ಹಗ್ಗ, ಅದಕ್ಕೆ ನಂಬಿಕೆಯ ಹಳೆ ಗಂಟು. ಹೊಸದು ಕೈ ಕೊಟ್ಟರೆ ಹಳೆಯದು ಹಿಡಿಯಲಿ ಅಂತ. ಆಮೇಲೆ ಪೂರ್ತಿ ಎತ್ತರ, ಬರಿಗೈಯಲ್ಲಿ. ಆಮೇಲೆ ಕೈಗರಗಸ. ಚೈನ್‌ಸಾ ಹಿಡಿದು ಹತ್ತಿದ್ದು ಮೂರನೇ ತಿಂಗಳಲ್ಲಿ, ಅದೂ ಸೊಂಟದ ಲ್ಯಾನ್ಯಾರ್ಡ್ ಸುತ್ತಿ ಎರಡು ಕಡೆ ಕಟ್ಟಿಕೊಂಡು. ಚೈನ್‌ಸಾ ಇರುವಾಗ ಎರಡು ಕಡೆ ಕಟ್ಟಿಕೊಳ್ಳುವುದು ಹೇಗೂ ಇಲ್ಲಿಯ ಪದ್ಧತಿಯೇ. ಹಗ್ಗ ಕುಯ್ದು ಹೋದರೆ ಇನ್ನೊಂದು ಇರಬೇಕಲ್ಲ.

ಸಿಡ್ನಿ ಒಂದು ಪಾಠ ಕಲಿಸಿತು, ಮೆಲ್ಬರ್ನ್ ಇನ್ನೊಂದು. ಸಿಡ್ನಿಯಲ್ಲಿ ಬ್ಲೂ ಗಮ್, ಬ್ಲ್ಯಾಕ್‌ಬಟ್‌ನಂಥ ಉದ್ದುದ್ದ ಮರಗಳು. ನಮ್ಮ ಕಡೆ ನೀಲಗಿರಿ ಎನ್ನುವ ಜಾತಿಯ ಅಣ್ಣತಮ್ಮಂದಿರೇ. ಹದಿನೆಂಟು ಇಪ್ಪತ್ತು ಮೀಟರ್ ಒಂದೇ ಉಸಿರಿಗೆ ಇಳಿದರೆ ಡಿವೈಸ್‌ನ ಲೋಹ ಮುಟ್ಟಲಾಗದಷ್ಟು ಕಾಯುತ್ತದೆ. ಹಗ್ಗದ ಮೇಲ್ಪದರ ಪಾಲಿಯೆಸ್ಟರ್, ಕರಗುವುದು ಸುಮಾರು 250 ಡಿಗ್ರಿಗೆ. ಅಷ್ಟು ಬಿಸಿ ಆಗದಿದ್ದರೂ ಅದಕ್ಕಿಂತ ಬಹಳ ಮೊದಲೇ ಮೇಲ್ಮೈ ಗಾಜಿನ ಹಾಗೆ ಹೊಳೆಯಲು ಶುರುವಾಗುತ್ತದೆ. ಹೊಳೆದ ಜಾಗದಲ್ಲಿ ಕಚ್ಚು ಕಡಿಮೆ. ಆದ್ದರಿಂದ ನಿಧಾನ ಇಳಿ, ಕಾದ ಡಿವೈಸ್‌ನಲ್ಲಿ ಒಂದೇ ಕಡೆ ನಿಂತು ಫೋನ್ ನೋಡಬೇಡ ಎಂದು ನಮ್ಮ ಹುಡುಗನಿಗೆ ಹೇಳಿ ಹೇಳಿ ಸಾಕಾಗಿದೆ.

ಮೆಲ್ಬರ್ನ್‌ನ ಸಮಸ್ಯೆ ಚಳಿ ಮಳೆ ಮತ್ತು ಪೈನ್ ಮರ. ಡ್ಯಾಂಡಿನಾಂಗ್ ಬೆಟ್ಟದ ಕಡೆ ಜುಲೈಯಲ್ಲಿ ಹಗ್ಗ ಒಣಗುವುದೇ ಇಲ್ಲ. ಒದ್ದೆಯಾದರೆ ನೂಲಿನ ಗಂಟು ಉಬ್ಬಿ ಇನ್ನಷ್ಟು ಬಿಗಿಯುತ್ತದೆ, ಬಿಡಿಸಲು ಹಲ್ಲು ಕಚ್ಚಬೇಕು. ಈ ಲೋಹದ ಡಿವೈಸ್ ಉಲ್ಟಾ: ಒದ್ದೆ ಹಗ್ಗದ ಮೇಲೆ ಇಳಿಯುವಾಗ ಸರಕ್ಕನೆ ಓಡುತ್ತದೆ. ಗಂಟಿನ ಅಭ್ಯಾಸ ಇರುವ ಕೈಗೆ ಇದು ಗೊತ್ತಾಗುವುದಿಲ್ಲ, ಅಲ್ಲೇ ಮೋಸ. ಪೈನ್ ಮರದ ಅಂಟು ಇನ್ನೂ ಕೆಟ್ಟದ್ದು. ಮೂರು ದಿನ ಪೈನ್‌ನಲ್ಲಿ ಕೆಲಸ ಮಾಡಿದ ಮೇಲೆ ಒಳಗಿನ ಕೊಂಡಿ ಅಂಟಿಕೊಂಡು, ಕೈ ಬಿಟ್ಟಾಗ ತಾನಾಗಿ ತನ್ನ ಜಾಗಕ್ಕೆ ಬರಲಿಲ್ಲ. ಬರದಿದ್ದರೆ ಹಗ್ಗ ಕಚ್ಚುವುದಿಲ್ಲ. ಅದು ಗೊತ್ತಾದದ್ದೂ ನೆಲದ ಹತ್ತಿರ, ಬೆಳಗಿನ ಪರೀಕ್ಷೆಯಲ್ಲಿ. ಈಗ ದಿನಾ ಸಂಜೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ಹಳೆ ಹಲ್ಲುಜ್ಜುವ ಬ್ರಷ್. ಒರೆಸಿ ಒಣಗಿಸಿ ಇಡುವುದು. ಪುಸ್ತಿಕೆಯಲ್ಲಿ ಹೇಳದೆ ಎಣ್ಣೆ ಹಾಕಬೇಡಿ. ಊರಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆ ಬಿಡುವ ಅಭ್ಯಾಸ ನಮ್ಮದು, ಆ ಎಣ್ಣೆ ಹಗ್ಗಕ್ಕೆ ಹತ್ತಿದರೆ ಕಥೆ ಮುಗಿಯಿತು.

ಎರಡು ತಿಂಗಳ ಪಟ್ಟಿಯನ್ನು ತಯಾರಕರಿಗೆ ಕಳಿಸಿದೆವು. ಉತ್ತರ ಬರುತ್ತದೆ ಎಂದು ಯಾರಿಗೂ ನಂಬಿಕೆ ಇರಲಿಲ್ಲ. ಬಂತು. ಹಗ್ಗದ ಹೆಸರು, ಎಷ್ಟು ತಿಂಗಳು ಹಳೆಯದು ಎಂದೆಲ್ಲ ಕೇಳಿದರು. ತೆಳು ಹೊಸ ಹಗ್ಗಕ್ಕೆ ಹೊಂದಾಣಿಕೆಯನ್ನು ಯಾವ ಜಾಗಕ್ಕೆ ತಿರುಗಿಸಬೇಕು ಎಂದು ಚಿತ್ರ ಬರೆದು ಕಳಿಸಿದರು. ಅಂಟಿಕೊಳ್ಳುವ ಕೊಂಡಿಗೆ ಬದಲಿ ಭಾಗ ಮಾಡುತ್ತಿದ್ದೇವೆ ಎಂದರು. ಇಲ್ಲಿ ಒಂದು ಮಾತು ಖಡಾಖಂಡಿತ: ಹೊಂದಿಸುವುದು ಬೇರೆ, ಕೊರೆಯುವುದು ಉಜ್ಜುವುದು ಬೇರೆ. ನಮ್ಮ ಪರಿಚಯದ ಒಬ್ಬರು ಗ್ಯಾರೇಜಿನಲ್ಲಿ ಫೈಲ್ ಹಿಡಿದು ತಾವೇ ‘ಸುಧಾರಣೆ’ ಮಾಡಲು ಹೊರಟಿದ್ದರು. ಅವರಿಗೆ ಕೈ ಮುಗಿದು ನಿಲ್ಲಿಸಿದೆವು. ಮರ ಹತ್ತುವ ಸ್ಪರ್ಧೆಗಳಲ್ಲಿ ಕೂಡ ಹತ್ತುವ ಮೊದಲು ಪ್ರತಿಯೊಬ್ಬರ ಸಾಮಾನನ್ನೂ ತಪಾಸಣೆ ಮಾಡುತ್ತಾರೆ. 1976ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಶುರುವಾಗಿ, 2011ರಲ್ಲಿ ನಮ್ಮ ಸಿಡ್ನಿಗೂ ಬಂದಿದ್ದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲೂ ಇದೇ ನಿಯಮ.

ಇನ್ನು ಕೆಳಗೆ ನಿಲ್ಲುವವರ ವಿಷಯ. ಶಿರಸಿ ಕಡೆ ಕೊನೆಗಾರ ಮರದ ಮೇಲಿಂದ ಅಡಿಕೆ ಕೊನೆ ಬಿಡುವಾಗ ಕೆಳಗೆ ಒಬ್ಬ ನೇಣು ಹಿಡಿದು ನಿಂತಿರುತ್ತಾನೆ. ಕೊನೆ ನೇಣಿನ ಮೇಲೆ ಜಾರಿ ಅವನ ಹತ್ತಿರ ಬರುತ್ತದೆ. ಅವನಿಗೆ ಮೇಲಿನವನ ಕೈಯ ಪ್ರತಿ ಚಲನೆ ಗೊತ್ತು. ಇಲ್ಲಿ ಹೊಸ ಡಿವೈಸ್ ಬಂದಾಗ ಎಲ್ಲರೂ ಮರೆಯುವುದು ಆ ಕೆಳಗಿನವನನ್ನು. ಮೇಲೆ ಹೋದವನಿಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿ ಹಾರ್ನೆಸ್‌ನಲ್ಲಿ ನೇತಾಡುತ್ತಿದ್ದರೆ, ಇನ್ನೊಬ್ಬ ಹತ್ತಿ ಹೋಗಿ ಆ ಡಿವೈಸ್ ಬಿಡಿಸಿ ಇಳಿಸಬೇಕು. ಹಾಗೆ ನೇತಾಡುವವನಿಗೆ ಸಮಯ ಬಹಳ ಇರುವುದಿಲ್ಲ, ರಕ್ತ ಕಾಲಿನಲ್ಲೇ ನಿಂತುಬಿಡುತ್ತದೆ. ಬಿಡಿಸುವುದು ಹೇಗೆ ಎಂದು ಕೆಳಗಿನವನಿಗೆ ಗೊತ್ತೇ ಇಲ್ಲದಿದ್ದರೆ? ನಮ್ಮ ತಂಡದಲ್ಲಿ ಅವತ್ತಿನವರೆಗೆ ಡಿವೈಸ್ ಮುಟ್ಟಿ ನೋಡಿದವರು ಇಬ್ಬರೇ. ಈಗ ಗ್ರೌಂಡಿಗಳೂ ಸೇರಿ ಎಲ್ಲರೂ ತಿಂಗಳಿಗೊಮ್ಮೆ ಒಬ್ಬರನ್ನೊಬ್ಬರು ಮೂರು ಮೀಟರ್ ಎತ್ತರದಿಂದ ಇಳಿಸಿ ಅಭ್ಯಾಸ ಮಾಡುತ್ತೇವೆ.

‘ಆಗಲ್ಲ’ ಎನ್ನುವುದು

ಬರೆಯಲು ಕಷ್ಟ ಆಗುವ ಭಾಗ ಇದು. ಅವತ್ತು ನಮ್ಮ ಹುಡುಗ ಹಟ ಮಾಡಲಿಲ್ಲ. ‘ಅಣ್ಣಾ, ನೀವು ಹೇಳದಿದ್ದರೆ ನಾನು ಹತ್ತಿಬಿಡ್ತಿದ್ದೆ’ ಅಂತ ಸಂಜೆ ಟ್ರಕ್ಕಿನಲ್ಲಿ ಹೇಳಿದ. ‘ಬೇಡ ಅಂದ್ರೆ ಕೆಲಸ ಹೋಗುತ್ತೆ, ಕೆಲಸ ಹೋದ್ರೆ ವೀಸಾ ಹೋಗುತ್ತೆ.’ ನಮ್ಮಲ್ಲಿ ಎಷ್ಟು ಜನರ ತಲೆಯಲ್ಲಿ ಇದೇ ಲೆಕ್ಕ ಓಡುತ್ತಿರುತ್ತದೋ.

ಕಾನೂನು ಏನು ಹೇಳುತ್ತದೆ? ನ್ಯೂ ಸೌತ್ ವೇಲ್ಸ್‌ನ 2011ರ ಕೆಲಸದ ಸುರಕ್ಷತೆ ಕಾಯ್ದೆಯ 84ನೇ ಸೆಕ್ಷನ್ ಪ್ರಕಾರ, ತಕ್ಷಣದ ಗಂಭೀರ ಅಪಾಯ ಇದೆ ಎನ್ನಲು ಸಕಾರಣ ಇದ್ದರೆ ಕೆಲಸಗಾರ ಆ ಕೆಲಸ ನಿಲ್ಲಿಸಬಹುದು, ಒಲ್ಲೆ ಎನ್ನಬಹುದು. ಬೇಗ ತಿಳಿಸಬೇಕು, ಬೇರೆ ಸೂಕ್ತ ಕೆಲಸ ಕೊಟ್ಟರೆ ಮಾಡಲು ಸಿದ್ಧ ಇರಬೇಕು, ಅಷ್ಟೇ. ಅದೇ ಕಾಯ್ದೆಯ 273ನೇ ಸೆಕ್ಷನ್ ಪ್ರಕಾರ ಸುರಕ್ಷತೆಗಾಗಿ ಕಾನೂನು ಪ್ರಕಾರ ಕೊಡಲೇಬೇಕಾದ್ದಕ್ಕೆ ನಮ್ಮ ಸಂಬಳದಿಂದ ದುಡ್ಡು ಕೀಳುವಂತಿಲ್ಲ. ವಿಕ್ಟೋರಿಯಾದ ಕಾಯ್ದೆ ಬೇರೆ, 2004ರದ್ದು. ಅಲ್ಲಿ ಕೆಲಸಗಾರರು ಆರಿಸಿದ ಸುರಕ್ಷತಾ ಪ್ರತಿನಿಧಿಗೆ, ಮಾಲೀಕರೊಂದಿಗೆ ಮಾತಾಡಿದ ಮೇಲೆ, ಕೆಲಸ ನಿಲ್ಲಿಸಿ ಎನ್ನುವ ಅಧಿಕಾರ ಇದೆ. ಸುರಕ್ಷತೆಯ ಪ್ರಶ್ನೆ ಎತ್ತಿದ್ದಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ. ಇದ್ಯಾವುದಕ್ಕೂ ಪೌರತ್ವ ಕೇಳುವುದಿಲ್ಲ. ಗಾಯವಾದರೆ ಪರಿಹಾರ ಕೇಳುವ ಹಕ್ಕೂ ವೀಸಾ ಮೇಲಿರುವವರಿಗೆ ಇದೆ.

ವೀಸಾ ವಿಷಯಕ್ಕೆ ಬಂದರೆ, 482ರಲ್ಲಿ ಇರುವವರಿಗೆ 2024ರ ಜುಲೈ 1ರಿಂದ ನಿಯಮ ಸಡಿಲವಾಗಿದೆ. ಸ್ಪಾನ್ಸರ್ ಬಳಿ ಕೆಲಸ ಬಿಟ್ಟರೆ ಬೇರೆಯವರನ್ನು ಹುಡುಕಿಕೊಳ್ಳಲು ಒಂದು ಸಲಕ್ಕೆ 180 ದಿನ, ವೀಸಾದ ಇಡೀ ಅವಧಿಯಲ್ಲಿ ಒಟ್ಟು 365 ದಿನ ಇದೆ. ಬಾಡಿಗೆ, ಊರಿಗೆ ಕಳಿಸುವ ದುಡ್ಡು ಎಲ್ಲ ನೆನೆದರೆ 180 ದಿನ ಏನೂ ಸುಖದ್ದಲ್ಲ, ನಮಗೆ ಗೊತ್ತು. ಆದರೆ ನಾಳೆ ಬೆಳಗ್ಗೆಯೇ ವಿಮಾನ ಹತ್ತಿಸುತ್ತಾರೆ ಎಂಬ ಭಯ ಸುಳ್ಳು.

ಕೇಳಬೇಕಿದ್ದರೆ ಸೇಫ್‌ವರ್ಕ್ ನ್ಯೂ ಸೌತ್ ವೇಲ್ಸ್ 13 10 50, ವರ್ಕ್‌ಸೇಫ್ ವಿಕ್ಟೋರಿಯಾ 1800 136 089. ಇಂಗ್ಲಿಷಿನಲ್ಲಿ ಮಾತು ಬರದಿದ್ದರೆ ಮೊದಲು 131 450ಕ್ಕೆ ಮಾಡಿ, ಕನ್ನಡ ದುಭಾಷಿ ಬೇಕು ಎಂದು ಕೇಳಿ.

ಊರಿನಿಂದ ಬರುವ ಪ್ರಶ್ನೆ

‘ಅಂಥದ್ದೊಂದು ನಮಗೂ ತಗೊಂಡು ಬಾ’ ಎಂದು ಊರಿನಿಂದ ಫೋನ್ ಬರುತ್ತಲೇ ಇರುತ್ತದೆ. ಕಾರಣ ಎಲ್ಲರಿಗೂ ಗೊತ್ತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮರಗಸಿ ಕಾಲ ಬಂತೆಂದರೆ, ನೆರಳಿನ ಮರದ ಕೊಂಬೆ ಕಡಿಯಲು ಹತ್ತಿದವರು ಬಿದ್ದು ಸತ್ತ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಬರುತ್ತದೆ. ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿದ ಸುದ್ದಿಯೂ ಅಷ್ಟೇ. ಸೋಮವಾರಪೇಟೆಯ ಹುಡುಗನ ಚಿಕ್ಕಪ್ಪ ಹಾಗೆ ಬಿದ್ದವರು. ಬದುಕಿದ್ದಾರೆ, ಸೊಂಟ ಹೋಗಿದೆ. ಅವತ್ತು ಅವರು ಕಟ್ಟಿಕೊಂಡಿದ್ದದ್ದು ಏನೂ ಇಲ್ಲ.

ಊರಿನವರೂ ಸುಮ್ಮನೆ ಕೂತಿಲ್ಲ. ಬಂಟ್ವಾಳದ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರ ಅಡಿಕೆ ಮರ ಹತ್ತುವ ಬೈಕಿನ ವಿಡಿಯೋ 2019ರಲ್ಲಿ ನೀವೆಲ್ಲ ನೋಡಿದ್ದೀರಿ. ಆ ಕೆಲಸ ಅವರು ಶುರು ಮಾಡಿದ್ದು 2014ರ ಸುಮಾರಿಗೆ. ಒಂದೇ ರಾತ್ರಿಯಲ್ಲಿ ಆದದ್ದಲ್ಲ, ಕೈಯಿಂದ ಲಕ್ಷಗಟ್ಟಲೆ ಹಾಕಿ, ಮಳೆಗಾಲದಲ್ಲಿ ಒದ್ದೆ ಮರದ ಮೇಲೆ ಓಡುತ್ತದಾ ಎಂದು ಜನ ಕೇಳಿದ್ದಕ್ಕೆ ಉತ್ತರ ಹುಡುಕುತ್ತಾ ವರ್ಷಗಳು ಹೋದವು. ಕಣ್ಣೂರು ಕಡೆಯ ಚೆಂಬೇರಿ ಜೋಸೆಫ್ ಅವರ ತೆಂಗಿನ ಮರ ಹತ್ತುವ ಸಾಧನ ನಮ್ಮ ಕರಾವಳಿಯಲ್ಲೂ ಹಬ್ಬಿದೆ. ಮರ ಹತ್ತದೆ ನೆಲದಿಂದಲೇ ಕೊನೆ ಕೊಯ್ಯುವ ಫೈಬರ್ ದೋಟಿ ಬಂದಿದೆ. ಅವೆಲ್ಲ ಕೊಂಬೆ ಇಲ್ಲದ ಕಂಬದಂಥ ಮರಕ್ಕೆ ಹುಟ್ಟಿದ್ದು. ಮೇಲೆ ಹಗ್ಗ ಹಾಕಲು ಕವಲೇ ಇಲ್ಲದ ಅಡಿಕೆ ಮರಕ್ಕೆ ನಮ್ಮ ಡಿವೈಸ್ ಪ್ರಯೋಜನಕ್ಕೆ ಬಾರದು. ಹಲಸು, ಅತ್ತಿ ಮುಂತಾದ ನೆರಳಿನ ಮರಕ್ಕೆ ಬರಬಹುದು. ಸಿಲ್ವರ್ ಓಕ್ ವಿಷಯದಲ್ಲಿ ಎಚ್ಚರ. ಅದು ಈ ಆಸ್ಟ್ರೇಲಿಯಾದಿಂದಲೇ ನಮ್ಮ ತೋಟಕ್ಕೆ ಹೋದ ಮರ, ಅದರ ಕೊಂಬೆ ಪಟ್ಟನೆ ಮುರಿಯುವ ಜಾತಿ. ಕೊಂಬೆಗೆ ಹಗ್ಗ ಹಾಕಿ ನಂಬುವ ಹಾಗಿಲ್ಲ, ಬೊಡ್ಡೆಗೇ ಸುತ್ತಬೇಕು.

ಆದ್ದರಿಂದ ಡಿವೈಸ್ ಒಂದನ್ನೇ ಸೂಟ್‌ಕೇಸಿನಲ್ಲಿ ಹಾಕಿ ಕಳಿಸಲು ನಮಗೆ ಮನಸ್ಸಿಲ್ಲ. ಅದರ ಜೊತೆ ಸರಿಯಾದ ದಪ್ಪದ ಹಗ್ಗ ಹೋಗಬೇಕು, ಹಾರ್ನೆಸ್ ಹೋಗಬೇಕು, ಕಲಿಸಲು ಒಬ್ಬರು ಹೋಗಬೇಕು. ಶಿರಸಿಯವರು ಬರುವ ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಒಂದು ಪೂರ್ತಿ ಸೆಟ್ ಒಯ್ಯುವ ಯೋಚನೆ ಇದೆ. ಸೋಮವಾರಪೇಟೆಯಲ್ಲಿ ಎರಡು ವಾರ, ಎರಡು ಮೀಟರ್ ಎತ್ತರದಲ್ಲಿ ಮಾತ್ರ ಎಂದು ಅವರ ಷರತ್ತು. ಹುಡುಗನ ಚಿಕ್ಕಪ್ಪ ಕುರ್ಚಿ ಹಾಕಿಕೊಂಡು ನೋಡುತ್ತೇನೆ ಎಂದಿದ್ದಾರೆ.

ಸದ್ಯಕ್ಕೆ ಲೆಕ್ಕ ಹೀಗಿದೆ. ಮೆಲ್ಬರ್ನ್‌ನ ಇಬ್ಬರೂ ಒಣ ದಿನಗಳಲ್ಲಿ ಹೊಸ ಡಿವೈಸ್ ಬಳಸುತ್ತಾರೆ, ಮಳೆ ಬಂದರೆ ಹಳೆ ಗಂಟು. ಸಿಡ್ನಿಯಲ್ಲಿ ಶಿರಸಿಯವರು ಬಳಸುತ್ತಾರೆ. ನಮ್ಮ ಹುಡುಗ 12.5 ಮಿಲಿಮೀಟರ್ ಹಗ್ಗ ತರಿಸಿಕೊಂಡಿದ್ದಾನೆ, ಈ ಹಗ್ಗದ ಮೇಲೆ ಅವನ ಐವತ್ತರಲ್ಲಿ ಮೂವತ್ತೊಂದು ಆಗಿದೆ. ಬದಲಿ ಕೊಂಡಿ ಇನ್ನೂ ಅಂಚೆಯಲ್ಲಿದೆ.